ವೃಕನ ಎಡಗಿವಿಯ ವಿಷಯವಾಗಿ ಪರೀಕ್ಷಕ ಸಾಹೇಬರಿಗೆ

ಚಿತ್ತಾಪುರ,
ಫಸಲಿ ೧೩೪೭, ಇಸ್ಫಂದಾರ್ ತಿಂಗಳು

ಶಹಾಬಾದಿನ ಚಳಿಗಾಲದ ಶ್ವಾನ ಪ್ರದರ್ಶನದ ಮುಖ್ಯ ಪರೀಕ್ಷಕರೂ, ‘ತೋಳನಾಯಿಯ ಆದರ್ಶ ಶಿರಸ್ಸು’ ಎಂಬ ಪುಸ್ತಿಕೆಯನ್ನು ರಚಿಸಿ ಜಗತ್ತಿನ ನಾಯಿಗಳಿಗೆ ದಾರಿ ತೋರಿಸಿದವರೂ ಆದ ಸಾಹೇಬ ಬಹಾದ್ದೂರರ ಸನ್ನಿಧಿಗೆ,

ಮಾನ್ಯರೇ,

ಮೊದಲು ತಮ್ಮ ಕ್ಷೇಮವನ್ನು, ಆಮೇಲೆ ತಮ್ಮ ಬಂಗಲೆಯ ನಾಯಿಗಳ ಹಣೆ, ಮೂಗು, ದವಡೆ, ಕಿವಿಗಳ ಕ್ಷೇಮವನ್ನು ಬಿಡಿಬಿಡಿಯಾಗಿ ಹಾರೈಸಿ, ಚಿತ್ತಾಪುರದಲ್ಲಿ ಅರ್ಜಿ ಬರೆಯುವ ವಾಸುದೇವರಾವ ಎಂಬ ನಾನು ಮಾಡಿಕೊಳ್ಳುವ ಬಿನ್ನಹವೇನೆಂದರೆ, ಇದು ನಾನು ನನ್ನ ಸ್ವಂತ ಸಿಟ್ಟಿಗಾಗಿ ಬರೆಯುತ್ತಿರುವ ಮೊದಲ ಅರ್ಜಿ. ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕುಳಿತು ಊರವರ ದುಃಖವನ್ನು ಉರ್ದುವಿನಲ್ಲಿ ಬರೆದುಕೊಡುವುದು ನನ್ನ ಉದ್ಯೋಗ. ಆ ಭಾಷೆಯಲ್ಲಿ ಬೇಡಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ, ಸಿಟ್ಟು ಮಾಡುವುದು ಬರುವುದಿಲ್ಲ. ಎಷ್ಟೇ ಬಿಸಿಯಾಗಿ ಆರಂಭಿಸಿದರೂ ಎರಡು ಸಾಲು ಮುಗಿಯುವುದರೊಳಗೆ ‘ಹುಜೂರ್’ ಬಂದು ತಣ್ಣೀರು ಎರಚುತ್ತದೆ. ಅದಕ್ಕಾಗಿ ಕನ್ನಡದಲ್ಲಿ ಬರೆದಿದ್ದೇನೆ. ತಮಗೆ ಓದಿ ಹೇಳುವವರು ಶಹಾಬಾದಿನಲ್ಲಿ ಯಾರಾದರೂ ಸಿಕ್ಕಾರು. ಸಿಗದಿದ್ದರೂ ಚಿಂತೆಯಿಲ್ಲ, ಇದರ ಇನ್ನೊಂದು ಪ್ರತಿಯನ್ನು ಬೇವಿನ ಮರಕ್ಕೆ ಅಂಟಿಸಿರುವುದರಿಂದ ತಾವೊಬ್ಬರನ್ನು ಬಿಟ್ಟು ತಾಲೂಕಿನ ಉಳಿದವರೆಲ್ಲ ಓದಿಕೊಂಡಿರುತ್ತಾರೆ.

ತಮಗೆ ನನ್ನ ನೆನಪಿರಲಿಕ್ಕಿಲ್ಲ, ಆದರೆ ನನ್ನ ನಾಯಿಯ ನೆನಪು ಇದ್ದೇ ಇರುತ್ತದೆ, ಏಕೆಂದರೆ ತಾವು ಅದರ ಮುಖವನ್ನು ನೋಡಿದಷ್ಟು ಹೊತ್ತು ನನ್ನ ಮದುವೆಯಲ್ಲಿ ನಾನು ನನ್ನ ಹೆಂಡತಿಯ ಮುಖವನ್ನೂ ನೋಡಿರಲಿಲ್ಲ. ಈ ನಾಯಿ ನನಗೆ ಬಂದದ್ದು ವಾಡಿ ಜಂಕ್ಷನ್ನಿನಿಂದ. ಅಲ್ಲಿ ಇಂಜಿನ್ ಓಡಿಸುತ್ತಿದ್ದ ಒಬ್ಬ ಡ್ರೈವರ್ ಸಾಹೇಬರಿಗೆ ರಜೆ ಸಿಗದಿದ್ದಾಗ ನಾನೊಂದು ಅರ್ಜಿ ಬರೆದುಕೊಟ್ಟಿದ್ದೆ. ಅದನ್ನು ಓದಿ ಮೇಲಿನವರ ಮನಸ್ಸು ಎಷ್ಟು ಕರಗಿತೆಂದರೆ ಅವರನ್ನು ಶಾಶ್ವತವಾಗಿಯೇ ಬೇರೆ ಕಡೆಗೆ ಕಳಿಸಿಬಿಟ್ಟರು. ಹೊರಡುವ ದಿನ ಅವರು ತಮ್ಮ ಅಲ್ಸೇಶಿಯನ್, ಅಂದರೆ ತಾವು ತೋಳನಾಯಿ ಎನ್ನುವ ಜಾತಿಯ, ನಾಯಿಯ ಒಂದು ಮರಿಯನ್ನು ಟೊಪ್ಪಿಗೆಯಲ್ಲಿಟ್ಟು ನನ್ನ ಕೈಗೆ ಕೊಟ್ಟು, ಟೊಪ್ಪಿಗೆಯನ್ನು ಮಾತ್ರ ಮರಳಿ ತೆಗೆದುಕೊಂಡರು.

ನಾವು ಮಧ್ವಮತದವರು. ನಮ್ಮ ಮನೆಯಲ್ಲಿ ಮಡಿಯೆಂಬುದು ಗೋಡೆಗಿಂತ ಗಟ್ಟಿ. ನನ್ನ ಹೆಂಡತಿ ಲೀಲಾಬಾಯಿ ಮರಿಯನ್ನು ಬಾಗಿಲಲ್ಲೇ ತಡೆದು, “ಇದು ಹೊಸ್ತಿಲು ದಾಟಿ ಒಳಗ ಬಂತಂದ್ರ ನಾ ದಾಟಿ ಹೊರಗ ಹೋಗ್ತೀನಿ, ನೋಡ್ರಿ ಮತ್ತ,” ಎಂದಳು. ಹೀಗಾಗಿ ನಾಯಿ ಕಟ್ಟೆಯ ಮೇಲೆ, ನಾನು ಬಾಗಿಲಲ್ಲಿ, ಅವಳು ನಡುಮನೆಯಲ್ಲಿ ಎಂದು ಒಪ್ಪಂದವಾಯಿತು. ಮರಿಯ ಮುಖ ತೋಳದ ಹಾಗಿದ್ದುದರಿಂದಲೂ ಹೊಟ್ಟೆ ತುಂಬುವ ಲಕ್ಷಣ ಕಾಣದಿದ್ದುದರಿಂದಲೂ ನಾನು ಅದಕ್ಕೆ ವೃಕೋದರ ಎಂದು ಹೆಸರಿಟ್ಟೆ. ಲೀಲಾಬಾಯಿ ಅದನ್ನೂ ತಡೆದಳು. “ಭೀಮಸೇನ ದೇವರ ಹೆಸರು ನಾಯಿಗಿ ಇಡ್ತೀರೇನ್ರಿ? ನಾಳಿ ಪಾರಾಯಣದಾಗ ಆ ಹೆಸರು ಬಂದ್ರ ನಾ ಯಾರಿಗಿ ಕೈ ಮುಗೀಲಿ?” ಎಂದು ಕೇಳಿದಳು. ಕೊನೆಗೆ ದೇವರಿಗೆ ಸೇರಿದ ಅರ್ಧವನ್ನು ಕತ್ತರಿಸಿ ಬರೇ ವೃಕ ಎಂದು ಉಳಿಸಿದೆವು. ಸಂಸ್ಕೃತದಲ್ಲಿ ವೃಕ ಎಂದರೆ ತೋಳ ಎಂಬುದು ನನಗೆ ಗೊತ್ತಿತ್ತು. ಅದು ಮುಂದೆ ಸರ್ಕಾರಕ್ಕೂ ಗೊತ್ತಾದೀತೆಂದು ಮಾತ್ರ ಗೊತ್ತಿರಲಿಲ್ಲ.

ನಮ್ಮ ಮನೆಗೆ ಹಾಲು ಹಾಕುವವಳು ಹಣಮಮ್ಮ. ಅವಳ ಗಂಡ ಸಾಯಬಣ್ಣ ಕುರಿ ಕಾಯುವವ. ಊರ ಹೊರಗೆ ಗುಂಡಗುರ್ತಿ ದಾರಿಯ ಮೇಲೆ ಅವರ ಹಟ್ಟಿ. ನಾನು ಕಚೇರಿಗೆ ಹೋದ ಮೇಲೆ ಮನೆಯ ಒಳಗೆ ಪ್ರವೇಶವಿಲ್ಲದ ಈ ನಾಯಿ ಹಣಮಮ್ಮನ ಹಿಂದೆ ಹಟ್ಟಿಗೆ ಹೋಗುವುದನ್ನು ಕಲಿಯಿತು. ಮೊದಲು ಕುರಿಗಳು ಬೆದರಿದವಂತೆ, ಆಮೇಲೆ ಒಗ್ಗಿದವಂತೆ. ನಾಯಿ ಬೆಳೆದು, ಉದ್ದ ಮೂತಿಯೂ ಓರೆಗಣ್ಣೂ ಬೂದು ಕುತ್ತಿಗೆಯೂ ಬಂದು, ದೂರದಿಂದ ನೋಡಿದವರು ಒಂದು ಕ್ಷಣ ಕಲ್ಲು ಹುಡುಕುವಂತಾದರೂ, ಹತ್ತಿರ ಬಂದೊಡನೆ ಅದರ ಎಡಗಿವಿಯನ್ನು ಕಂಡು ಕಲ್ಲನ್ನು ಕೆಳಗೆ ಹಾಕುತ್ತಿದ್ದರು. ಏಕೆಂದರೆ ಆ ಕಿವಿ ಅರ್ಧಕ್ಕೆ ಮಡಿಚಿ, ಅಂಗಡಿಯವನು ಪೊಟ್ಟಣದ ಬಾಯಿ ಮಡಿಚಿದ ಹಾಗೆ, ಸದಾ ಕೆಳಗೆ ಬಿದ್ದಿರುತ್ತಿತ್ತು. ಅಂಥ ಕಿವಿಯ ತೋಳವನ್ನು ಈ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಹಣಮಮ್ಮ ಅದನ್ನು “ಉರ್ಕಪ್ಪ” ಎಂದು ಕರೆದು, ಹೊತ್ತು ಮುಳುಗುವಾಗ ಅರ್ಧ ರೊಟ್ಟಿ ಕೊಟ್ಟು ಮನೆಗೆ ಕಳಿಸುತ್ತಿದ್ದಳು.

ಈ ಅಜ್ಞಾನದ ಸುಖದಲ್ಲಿ ನಾವೆಲ್ಲರೂ ಇದ್ದಾಗ ತಮ್ಮ ಪ್ರದರ್ಶನದ ಜಾಹೀರಾತು ಬಂತು. ‘ತೋಳನಾಯಿ ವರ್ಗದಲ್ಲಿ ಶಿರಸ್ಸಿಗೆ ವಿಶೇಷ ಬಹುಮಾನ’ ಎಂದಿತ್ತು. ಇಷ್ಟು ವರ್ಷ ಊರವರ ಮುಖ ನೋಡಿ ಅರ್ಜಿ ಬರೆದವನಿಗೆ ತನ್ನ ನಾಯಿಯ ಮುಖವನ್ನಾದರೂ ಒಬ್ಬ ದೊಡ್ಡವರು ನೋಡಲಿ ಎಂಬ ಆಸೆಯಾದರೆ ತಾವು ದಯಮಾಡಿ ಕ್ಷಮಿಸಬೇಕು. ವೃಕನನ್ನು ರೈಲಿನಲ್ಲಿ ಶಹಾಬಾದಿಗೆ ಕರೆತಂದೆ. ಮೈದಾನದಲ್ಲಿ ಡೇರೆ, ಡೇರೆಯೊಳಗೆ ಸಾಹೇಬರು, ಮೇಮ್‌ಸಾಹೇಬರು, ಕುರ್ಚಿಯ ಮೇಲೆ ಕುಳಿತ ನಾಯಿಗಳು, ನಿಂತುಕೊಂಡ ನೌಕರರು. ತಾವು ಬಂದಿರಿ. ವೃಕನ ದವಡೆಯನ್ನು ಎರಡು ಬೆರಳಿನಿಂದ ತೆರೆದು, ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ಕತ್ತರಿಯ ಹಾಗೆ ಕೂಡುತ್ತದೆಯೇ ನೋಡಿದಿರಿ. ಹಣೆ ಮೂಗಿನ ಕಡೆಗೆ ಮೆಟ್ಟಿಲಿಲ್ಲದೆ ಇಳಿಯುತ್ತದೆಯೇ ಎಂದು ಹೆಬ್ಬೆರಳಿನಿಂದ ಸವರಿದಿರಿ. ಕಣ್ಣು ಬಾದಾಮಿಯ ಆಕಾರದ್ದೇ, ಕಪ್ಪೇ, ಉಬ್ಬಿಲ್ಲವಷ್ಟೇ ಎಂದು ಬಗ್ಗಿ ನೋಡಿದಿರಿ. ಒಂದೊಂದಕ್ಕೂ ತಲೆ ಆಡಿಸುತ್ತಿದ್ದಿರಿ, ಮತ್ತು ನಾನು ತಮ್ಮ ತಲೆಯ ಜೊತೆಗೆ ನನ್ನ ತಲೆಯನ್ನೂ ಆಡಿಸುತ್ತಿದ್ದೆ. ಆಮೇಲೆ ತಾವು ಎಡಗಿವಿಯನ್ನು ಕಂಡಿರಿ. ಆಗ ತಮ್ಮ ಮುಖದ ಮೇಲೆ ಮೂಡಿದ ಸಂಕಟವನ್ನು ನಾನು ಸತ್ತವರ ಮನೆಯಲ್ಲೂ ಕಂಡಿಲ್ಲ.

ತಮ್ಮ ದುಭಾಷಿ ನನಗೆ ತಿಳಿಸಿದ್ದು ಇಷ್ಟು: ತಲೆ ಬಹುಮಟ್ಟಿಗೆ ನಿರ್ದೋಷ, ಆದರೆ ಕಿವಿ ಕಳಂಕ, ಆದರ್ಶ ತೋಳನಾಯಿಗೆ ಎರಡೂ ಕಿವಿ ಬುಡದಲ್ಲಿ ಅಗಲವಾಗಿ, ತುದಿಯಲ್ಲಿ ಚೂಪಾಗಿ, ಮುಂದಕ್ಕೆ ಮುಖಮಾಡಿ, ನೆಟ್ಟಗೆ ನಿಂತಿರಬೇಕು. ಬಹುಮಾನ ಬೇರೆ ನಾಯಿಗೆ ಹೋಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ತಾವು ಅಷ್ಟಕ್ಕೆ ಬಿಡದೆ, ಒಬ್ಬ ಅರ್ಜಿಯವನ ಮೇಲೆ ಕರುಣೆ ತೋರಿ, ತಮ್ಮ ಪುಸ್ತಿಕೆಯ ಒಂದು ಪ್ರತಿಯನ್ನೂ ಒಂದು ಸಲಹೆಯನ್ನೂ ದಯಪಾಲಿಸಿದಿರಿ. ಕಿವಿಯ ಒಳಗೆ ತೆಳು ಬಿದಿರ ಸಲಾಕೆ ಇಟ್ಟು, ಅಂಟು ಹಚ್ಚಿ, ಬಟ್ಟೆ ಸುತ್ತಿ ಕೆಲವು ವಾರ ಬಿಟ್ಟರೆ ಕಿವಿ ತಾನಾಗಿ ನಿಲ್ಲುವುದೆಂದು ಹೇಳಿದಿರಿ. ಉಚಿತವಾಗಿ ಸಿಕ್ಕ ಸಲಹೆಯನ್ನು ಪಾಲಿಸದೆ ಇರುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗಿದೆ?

ಮನೆಗೆ ಬಂದು ಜಾಲಿಯ ಅಂಟು ನೆನೆಹಾಕಿದೆ. ಲೀಲಾಬಾಯಿ ನಡುಮನೆಯಿಂದಲೇ, “ಇದ್ದ ಕಿವಿ ಇರಲಿ ಬಿಡ್ರಿ. ಅದಕ್ಕ ಕೇಳಸ್ತದ, ಅಷ್ಟು ಸಾಲದೇನು?” ಎಂದಳು. ನಾನು ಪುಸ್ತಿಕೆಯ ಆರನೆಯ ಪುಟವನ್ನು ಅವಳಿಗೆ ಅನುವಾದ ಮಾಡಿ ಓದಿ ಹೇಳಿದೆ. ಅವಳು ಹಳೆಯ ಸೀರೆಯ ಅಂಚನ್ನು ಹರಿದು ಹೊಸ್ತಿಲ ಮೇಲೆ ಇಟ್ಟು ಹೋದಳು. ಬಟ್ಟೆ ಸುತ್ತಿದ ಕಿವಿಯನ್ನು ಕೆರೆದುಕೊಳ್ಳಬಾರದೆಂದು ವೃಕನನ್ನು ಹಿತ್ತಲಿನಲ್ಲಿ ಕಟ್ಟಿಹಾಕಿದೆವು. ಹಾಲು ತಂದ ಹಣಮಮ್ಮ ನೋಡಿ, “ಉರ್ಕಪ್ಪನ ಕಿವಿಗೇನಾಗ್ಯಾದ್ರಿ? ಹುಣ್ಣೇನ್ರಿ?” ಎಂದು ಕೇಳಿದಾಗ, ತಲೆಯ ಆದರ್ಶವನ್ನು ಅವಳಿಗೆ ತಿಳಿಸಿ ಹೇಳುವ ಬದಲು, ಹೌದು ಹುಣ್ಣು ಎಂದುಬಿಟ್ಟೆ.

ಮಾನ್ಯರೇ, ತಮ್ಮ ವಿದ್ಯೆ ಸುಳ್ಳಲ್ಲ. ಬಟ್ಟೆ ಬಿಚ್ಚಿದ ದಿನ ಕಿವಿ ನಿಂತೇ ಇತ್ತು. ಪುಸ್ತಿಕೆಯ ಮುಖಪುಟದ ಚಿತ್ರವನ್ನು ಪಕ್ಕದಲ್ಲಿ ಹಿಡಿದು ನೋಡಿದೆ, ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮರುದಿನ ನಾಲವಾರದ ಮಠದಲ್ಲಿ ಒಬ್ಬ ಕಕ್ಷಿಗಾರರನ್ನು ಕಾಣಬೇಕಾಗಿದ್ದುದರಿಂದ, ನಾಲ್ಕು ಜನ ನೋಡಲಿ ಎಂದು ವೃಕನನ್ನೂ ಜೊತೆಗೆ ಕರೆದೊಯ್ದೆ. ನಾಲ್ಕು ಜನವಲ್ಲ, ನಾಲವಾರದ ಪ್ಲಾಟ್‌ಫಾರಂ ಪೂರ್ತಿ ನೋಡಿತು. ಕುಂಚಾವರಂ ಕಡೆಯ ಒಬ್ಬ ತೆಲುಗು ಮನುಷ್ಯ “ತೋಡೇಲು! ತೋಡೇಲು!” ಎಂದು ಕೂಗಿ ತನ್ನ ಟ್ರಂಕಿನ ಮೇಲೆ ಹತ್ತಿದ. ತೆಲುಗಿನಲ್ಲಿ ಅದು ತೋಳ ಎಂಬ ಅರ್ಥ ತಿಳಿಯದವರೂ ಟ್ರಂಕು ಹುಡುಕತೊಡಗಿದರು. ನನಗೆ ನಾಚಿಕೆಯಾಗಲಿಲ್ಲ, ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು. ಪರೀಕ್ಷಕರು ಡೇರೆಯಲ್ಲಿ ಬಗ್ಗಿ ನೋಡಿ ಕಂಡುಕೊಳ್ಳುವುದನ್ನು ನಾಲವಾರದ ಜನ ಟ್ರಂಕಿನ ಮೇಲಿಂದಲೇ ಒಪ್ಪಿಕೊಂಡರಲ್ಲ ಎಂದು.

ಆ ಮುಂದಿನ ಸಂಜೆಯೇ ನಡೆಯಬಾರದ್ದು ನಡೆಯಿತು. ಕಟ್ಟಿ ಕಟ್ಟಿ ಬೇಸತ್ತಿದ್ದ ನಾಯಿ ಹಗ್ಗದಿಂದ ಕುತ್ತಿಗೆ ನುಣುಚಿಕೊಂಡು, ವಾರಗಟ್ಟಲೆ ಕಾಣದ ತನ್ನ ಕುರಿಗಳ ಕಡೆಗೆ ಓಡಿಹೋಗಿದೆ. ಚಳಿಗಾಲದಲ್ಲಿ ತೋಳಗಳು ಹಳ್ಳದ ದಡಕ್ಕೆ ಬರುವುದುಂಟು. ಅಂದು ಹೊತ್ತು ಮುಳುಗುವಾಗ ಒಂದು ತೋಳ ಹಿಂಡಿನ ಮೇಲೆ ಬಿದ್ದು ಒಂದು ಮರಿಯನ್ನು ಹಿಡಿದಿದೆ. ಕುರಿ ಚೀರಿದ್ದು ಕೇಳಿ ಸಾಯಬಣ್ಣ ಕೊಡಲಿ ಹಿಡಿದು ಓಡಿಬಂದ. ಧೂಳಿನಲ್ಲಿ ಎರಡು ತಲೆ ಕಂಡವು. ಎರಡಕ್ಕೂ ಉದ್ದ ಮೂತಿ, ಎರಡಕ್ಕೂ ಓರೆಗಣ್ಣು, ನಾಲ್ಕು ಕಿವಿಯೂ ನೆಟ್ಟಗೆ. ಅವನು ಹತ್ತಿರವಿದ್ದ ತಲೆಯ ಮೇಲೆ ಕೊಡಲಿ ಹಾಕಿದ. ಮರಿ ಕೆಳಗೆ ಬಿತ್ತು, ಎರಡು ತಲೆಗಳೂ ಎರಡು ದಿಕ್ಕಿಗೆ ಓಡಿದವು, ಒಂದು ಬೆಟ್ಟದ ಕಡೆಗೆ, ಒಂದು ಊರ ಕಡೆಗೆ.

ನಾನು ಕಟ್ಟೆಯ ಮೇಲೆ ಕುಳಿತು ಕಂದೀಲು ಒರೆಸುತ್ತಿದ್ದೆ. ವೃಕ ಬಂದು, ಎಂದಿನಂತೆ ಹೊಸ್ತಿಲ ಈಚೆಗೇ ನಿಂತು, ನನ್ನ ಕಡೆ ನೋಡಿತು. ನೋಡಿತು ಎನ್ನುವುದೂ ಪೂರ್ತಿ ಸರಿಯಲ್ಲ, ಬಲಗಣ್ಣಿನಿಂದ ಮಾತ್ರ ನೋಡಿತು. ಎಡಗಣ್ಣಿನಿಂದ ಮೂತಿಯ ತುದಿಯವರೆಗೆ ಮುಖ ಸೀಳಿತ್ತು. ನಾನು ಏನು ಕೂಗಿದೆನೋ ನೆನಪಿಲ್ಲ, ಲೀಲಾಬಾಯಿ ಕೈಯಲ್ಲಿದ್ದ ತಂಬಿಗೆಯನ್ನು ಬಿಟ್ಟು ಬಾಗಿಲಿಗೆ ಬಂದಳು. ಅಷ್ಟರಲ್ಲಿ ರಕ್ತದ ಗುರುತು ಹಿಡಿದು ಸಾಯಬಣ್ಣ, ಅವನ ಹಿಂದೆ ಅರ್ಧ ಊರು ಬಂತು. “ರಾಯರ, ತೋಳ ನಿಮ್ಮ ಕಟ್ಟಿಗಿ ಬಂದಾದ್ರಿ, ಹುಷಾರ!” ಎಂದು ದೂರದಿಂದಲೇ ಕೂಗಿದ. ನಾನು, ಇದು ತೋಳವಲ್ಲ, ವೃಕ ಎಂದೆ. ಅವನು ಕಂದೀಲಿನ ಬೆಳಕಿನಲ್ಲಿ ಆ ಎರಡು ಕಿವಿಗಳನ್ನು ನೋಡಿ, “ಉರ್ಕಪ್ಪನ ಕಿವಿ ನನಗ ಗೊತ್ತಿಲ್ಲೇನ್ರಿ? ಇದು ಅದಲ್ಲ,” ಎಂದು ಹೇಳಿದ. ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಹಣಮಮ್ಮನಂತೂ ಕಚ್ಚಿಸಿಕೊಂಡ ಮರಿಯನ್ನು ಎದೆಗೆ ಅವಚಿಕೊಂಡು, ನಾವು ನಾಯಿ ಎಂದು ಹೇಳಿ ತೋಳ ಸಾಕಿದ್ದೇವೆಂದು ಅತ್ತಳು. ಅದೇ ರಾತ್ರಿ ಪೊಲೀಸ್ ಅಮೀನರು ಬಂದು, ಊರ ನಡುವೆ ಕಾಡುಮೃಗ ಇಟ್ಟುಕೊಂಡ ಆರೋಪದ ಮೇಲೆ, ಗಾಯಗೊಂಡ ನಾಯಿಯನ್ನು ಕಂಬಳಿಯಲ್ಲಿ ಸುತ್ತಿಸಿ, ಬಿಡಾಡಿ ದನ ಕೂಡಿಹಾಕುವ ಕೊಂಡವಾಡೆಗೆ ಒಯ್ದರು. ಕೆಲವೇ ದಿನಗಳಲ್ಲಿ ಊರೂರು ಸುತ್ತಿ ಮೊಕದ್ದಮೆ ಕೇಳುವ ಸಾಹೇಬರೊಬ್ಬರು ದೌರೆಯ ಮೇಲೆ ಬರುವವರಿದ್ದರು. ತೋಳವೆಂದು ಅವರು ತೀರ್ಮಾನಿಸಿದರೆ ಗುಂಡು ಎಂದು ಅಮೀನರು ನನಗೆ ಬಹಳ ಸೌಜನ್ಯದಿಂದ ತಿಳಿಸಿದರು.

ಕೊಂಡವಾಡೆಯ ಕಾವಲಿಗೆ ಸೂಗಪ್ಪ ಎಂಬವನಿದ್ದ. ಎಂಥ ಹಾಯುವ ಹೋರಿಗೂ ಅಂಜದ ಆತ, ಆ ಮುಖ ನೋಡಿ ಬೇಲಿಯೊಳಗೆ ಕಾಲಿಡಲು ಒಲ್ಲೆನೆಂದ. ಅರಿಸಿನ ಅರೆದು ಕಳಿಸಿದರೆ ಅದು ಬೇಲಿಯ ಮೇಲೆಯೇ ಒಣಗಿತು. ಇದನ್ನು ಕೇಳಿ ಲೀಲಾಬಾಯಿ ಸೆರಗು ಬಿಗಿದು, ಹಾಡುಹಗಲು, ನಮ್ಮ ಓಣಿಯ ಆಚಾರ್ಯರೆಲ್ಲ ಕಟ್ಟೆಯ ಮೇಲೆ ಕುಳಿತಿರುವಾಗಲೇ ಅವರ ಮುಂದೆ ಹಾದು, ಕೊಂಡವಾಡೆಗೆ ಹೋದಳು. ಹುಟ್ಟಿದ ಮೇಲೆ ಒಂದು ನಾಯಿಯನ್ನೂ ಮುಟ್ಟದವಳು ದನದ ಸೆಗಣಿಯಲ್ಲಿ ಕುಳಿತು, ಆ ಸೀಳಿದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಗೆ, ಮೂತಿಗೆ, ದವಡೆಗೆ ಅರಿಸಿನ ಮೆತ್ತಿದಳು. ತಾವು ಬೆರಳಿನಿಂದ ಸವರಿದ ಸ್ಥಳಗಳೇ ಅವು. ನೋವಿಗೆ ವೃಕ ಹಲ್ಲು ಬಿಟ್ಟಿತು, ಕಚ್ಚಲಿಲ್ಲ. ಓಣಿಯ ಒಬ್ಬ ಹಿರಿಯರು ಬೇಲಿಯಾಚೆಯಿಂದ, “ಏನಿದು ಲೀಲಾಬಾಯಿ, ನೀವು?” ಎಂದು ಕೇಳಿದ್ದಕ್ಕೆ ಅವಳು ತಲೆ ಎತ್ತದೆ, “ಸ್ನಾನ ಮಾಡಿದ್ರ ಆತ್ರಿ, ಅಜ್ಜ. ಭಾವ್ಯಾಗ ನೀರು ಭಾಳ ಅದ,” ಎಂದಳು. ಆಮೇಲೆ ಪ್ರತಿದಿನವೂ ಹೋದಳು, ಪ್ರತಿದಿನವೂ ಸ್ನಾನ ಮಾಡಿದಳು.

ಆಗ ನಾನು ತಮ್ಮನ್ನು ನೆನೆದೆ. ಈ ಪ್ರಾಣಿಯ ತಲೆಯನ್ನು ಸ್ವಹಸ್ತದಿಂದ ಪರೀಕ್ಷಿಸಿ ಕಂಡ ಮಹನೀಯರು ಹತ್ತಿರದ ಶಹಾಬಾದಿನಲ್ಲೇ ಇರುವಾಗ ಹೆದರುವುದೇಕೆ ಎಂದುಕೊಂಡು, ನಡೆದದ್ದನ್ನೆಲ್ಲ ವಿವರವಾಗಿ ಬರೆದು, ಇದು ನಾಯಿ ಎಂಬ ಒಂದೇ ಒಂದು ಮಾತನ್ನು ತಾವು ಬರೆದುಕೊಟ್ಟರೆ ಒಂದು ಜೀವ ಉಳಿಯುತ್ತದೆಂದು ಬೇಡಿಕೊಂಡೆ. ತಮ್ಮ ಉತ್ತರ ಬೇಗನೆ ಬಂತು, ಈ ವಿಷಯದಲ್ಲಿ ತಮ್ಮ ಶಿಸ್ತನ್ನು ನಾನು ಎಲ್ಲರ ಮುಂದೆ ಹೊಗಳಿದ್ದೇನೆ. ಕಿವಿ ನಿಂತ ಸಮಾಚಾರ ಓದಿ ತಮಗೆ ಪರಮಾನಂದವಾಯಿತೆಂದೂ, ಈಗ ಈ ತಲೆ ಸಕಲ ಅಂಶಗಳಲ್ಲಿ ತೋಳದ ತಲೆಯೇ ಆಗಿದೆಯೆಂಬುದರಲ್ಲಿ ತಮಗೆ ಲವಲೇಶವೂ ಸಂಶಯವಿಲ್ಲವೆಂದೂ, ಮುಂದಿನ ಪ್ರದರ್ಶನಕ್ಕೆ ತಪ್ಪದೆ ತರಬೇಕೆಂದೂ ಬರೆದಿದ್ದಿರಿ. ಕೊಡಲಿಯ ಬಗ್ಗೆ, ಕೊಂಡವಾಡೆಯ ಬಗ್ಗೆ, ಗುಂಡಿನ ಬಗ್ಗೆ ಅದರಲ್ಲಿ ಒಂದು ಅಕ್ಷರವಿರಲಿಲ್ಲ. ನಾನು ಬರೆದದ್ದರಲ್ಲಿ ಕಿವಿಯ ಸಾಲನ್ನು ಮಾತ್ರ ತಾವು ಓದಿದ್ದಿರಿ. ಅಷ್ಟು ಏಕಾಗ್ರತೆ ಋಷಿಗಳಿಗೆ ಸಾಧ್ಯವೆಂದು ಕೇಳಿದ್ದೆ, ಪತ್ರದಲ್ಲಿ ಕಂಡದ್ದು ಇದೇ ಮೊದಲು.

ಆ ಪತ್ರವನ್ನು ಬಚ್ಚಿಡೋಣವೆಂದರೆ, ಪರೀಕ್ಷಕರಿಂದ ಉತ್ತರ ಬಂತೆಂದು ನಾನೇ ಸಂತೋಷದಲ್ಲಿ ಲಕೋಟೆ ಒಡೆಯುವ ಮೊದಲು ಬೇವಿನ ಮರದ ಕೆಳಗೆ ಎಲ್ಲರಿಗೂ ಸಾರಿಬಿಟ್ಟಿದ್ದೆ. ಚಾವಡಿಯಲ್ಲಿ ವಿಚಾರಣೆಯ ದಿನ ಸಾಹೇಬರ ಗುಮಾಸ್ತರಾದ ಪೇಷ್ಕಾರರು ಅದನ್ನು ಉರ್ದುವಿಗೆ ತಿರುಗಿಸಿ ಗಟ್ಟಿಯಾಗಿ ಓದಿದರು. ದೌರೆಯ ಸಾಹೇಬರು ವಯಸ್ಸಾದವರು, ಮೃದು ಸ್ವಭಾವದವರು. “ಆಪ್ ಹೀ ಕಾ ಗವಾಹ್ ಹೈ, ರಾವ್ ಸಾಬ್,” ಎಂದು, ನನ್ನ ಸಾಕ್ಷಿಯೇ ನನ್ನ ವಿರುದ್ಧ ಹೇಳುತ್ತಿದೆಯಲ್ಲ ಎಂಬ ಮರುಕದಿಂದ ನನ್ನನ್ನು ನೋಡಿದರು. ಅಮೀನರು ಎದ್ದು, ಯಜಮಾನನೇ ಈ ಪ್ರಾಣಿಯನ್ನು ಸಂಸ್ಕೃತದಲ್ಲಿ ತೋಳ ಎಂದು ಕರೆಯುತ್ತಾನೆಂದು ನಿವೇದಿಸಿದರು. ಇನ್ನೂ ಸಂಶಯ ಉಳಿಯಬಾರದೆಂದು ಸಾಹೇಬರು ಕುರಿಗಳನ್ನೇ ಕರೆಸಿದರು: ಬೆದರಿದರೆ ತೋಳ, ಬೆದರದಿದ್ದರೆ ನಾಯಿ. ಸೂಗಪ್ಪ ಹಗ್ಗ ಹಿಡಿದು ತಂದ ಆ ತಲೆ, ಅರ್ಧ ಅರಿಸಿನದ ಹಳದಿ, ಅರ್ಧ ಕಪ್ಪುಗಟ್ಟಿದ ರಕ್ತ, ಮೇಲೆ ನೆಟ್ಟಗೆ ನಿಂತ ಎರಡು ಕಿವಿ, ಅದನ್ನು ಕಂಡು ಕುರಿಗಳು ಬಜಾರದ ತುಂಬ ಚೆಲ್ಲಾಪಿಲ್ಲಿಯಾದವು. ಮೂಲೆಯಲ್ಲಿ ಚುರುಮುರಿ ಮಾರುವ ಅಮೀರ್‌ಬೀಯ ಬುಟ್ಟಿ ಮಗುಚಿ, ಕೆಲವು ಕುರಿಗಳು ಭಯವನ್ನು ಮರೆತು ಅಲ್ಲೇ ನಿಂತು ತಿಂದವು. ಉಳಿದವನ್ನು ಲೆಕ್ಕಕ್ಕೆ ಹಿಡಿಯಲಾಯಿತು.

ಸಾಹೇಬರು ಲೇಖನಿ ತೆಗೆದುಕೊಂಡರು. ಅಷ್ಟರಲ್ಲಿ, ಕುರಿ ಕೂಡಿಸಲು ಹೋಗಿದ್ದ ಹಣಮಮ್ಮ ಏದುಸಿರು ಬಿಡುತ್ತ ಮರಳಿ ಬಂದು, ನೇರವಾಗಿ ಗಂಡನ ಮುಂದೆ ನಿಂತಳು. ಹಗ್ಗದ ತುದಿಯಲ್ಲಿದ್ದ ವೃಕ ಅವಳನ್ನು ಕಂಡು ಬಾಲ ಆಡಿಸಿತ್ತು. ಅವಳು ಅದನ್ನು ನೋಡಿದಳೋ ಇಲ್ಲವೋ ನಾನರಿಯೆ.

“ಅಲ್ಲಾ, ಅವತ್ತ ನೀ ಏನೇನು ನೋಡಿದಿ, ಸುದ್ದ ಹೇಳು,” ಎಂದಳು.

“ಎಷ್ಟು ಸರತಿ ಹೇಳ್ಲಿ? ಎರಡು ತೋಳ ಇದ್ದವು. ಒಂದು ಮರೀ ಹಿಡದಿತ್ತು.”

“ಇನ್ನೊಂದು?”

ಸಾಯಬಣ್ಣ ಹಗ್ಗದ ತುದಿಯ ಕಡೆ ನೋಡಿದ. “ಇನ್ನೊಂದು ಅದರ ಕುತ್ತಿಗಿ ಹಿಡದಿತ್ತು,” ಎಂದ.

“ಯಾವುದರದು? ಮರೀದಾ?”

“ಅಲ್ಲ. ತೋಳಂದು.”

“ನೀ ಕೊಡ್ಲಿ ಯಾವುದಕ್ಕ ಹಾಕಿದಿ?”

ಸಾಯಬಣ್ಣ ಹಾಗೆಯೇ ಚಾವಡಿಯ ನೆಲದ ಮೇಲೆ ಕುಳಿತು, ತಲೆಗೆ ಸುತ್ತಿದ ರುಮಾಲನ್ನು ಬಿಚ್ಚಿ ಮುಖಕ್ಕೆ ಒತ್ತಿಕೊಂಡ. ಆಮೇಲೆ ಆ ಬಟ್ಟೆಯೊಳಗಿನಿಂದ, “ಕುತ್ತಿಗಿ ಹಿಡದದ್ದಕ್ಕ ಹಾಕೀನಿ. ಅದ ನನ್ನ ಹತ್ರ ಇತ್ತು,” ಎಂಬ ಮಾತು ಬಂತು.

ಸಾಹೇಬರು ನನ್ನ ಕಡೆ ತಿರುಗಿ, ಅವನೇನು ಹೇಳಿದ, ಉರ್ದುವಿನಲ್ಲಿ ಹೇಳು ಎಂದರು. ಈ ಜಿಲ್ಲೆಯಲ್ಲಿ ಕೊಲೆಯನ್ನೂ ಬೆಂಕಿಯನ್ನೂ ತಡೆಯದೆ ಉರ್ದುವಿಗೆ ತಿರುಗಿಸಿದ ನನಗೆ ಆ ನಾಲ್ಕು ಮಾತು ತಿರುಗಿಸಲು ಆಗಲಿಲ್ಲ. ಪೇಷ್ಕಾರರು ತಿರುಗಿಸಿದರು. ಸಾಹೇಬರು ಬಹಳ ಹೊತ್ತು ಲೇಖನಿಯನ್ನು ನೋಡುತ್ತಿದ್ದು, ಆಮೇಲೆ ಬರೆದರು. ಅವರಿಗೂ ಕಾನೂನಿನ ಭಯವಿರುತ್ತದಲ್ಲ. ನಾಯಿ ಎಂದು ಬರೆದರೆ ತಾವು ಕಳಿಸಿದ ಪತ್ರಕ್ಕೂ ಕುರಿಗಳ ಹೇಳಿಕೆಗೂ ಅಗೌರವ, ತೋಳ ಎಂದು ಬರೆದರೆ ಗುಂಡು. ಹೀಗಾಗಿ, ‘ತೋಳದ ರೂಪವುಳ್ಳ, ನಾಯಿಯ ನಡತೆಯುಳ್ಳ ಪ್ರಾಣಿ’ ಎಂದು ಬರೆದು, ಇದನ್ನು ಬಯಲಿನಲ್ಲಿಯೂ ಕಟ್ಟೆಯ ಮೇಲೆಯೂ ಬಿಡದೆ ಮನೆಯ ಒಳಗೇ ಇಟ್ಟುಕೊಳ್ಳುವುದಾದರೆ ಯಜಮಾನನಿಗೆ ಒಪ್ಪಿಸತಕ್ಕದ್ದೆಂದು ಹುಕುಂ ಮಾಡಿದರು.

ಮನೆಯ ಒಳಗೆ ಎಂಬ ಮಾತು ಬಂದಾಗ ನಾನು ಹೆಂಡತಿಯ ಕಡೆ ನೋಡಲಿಲ್ಲ. ಅವಳು ಹೆಂಗಸರ ಗುಂಪಿನಿಂದ ಮುಂದೆ ಬಂದು, ಸೂಗಪ್ಪನ ಕೈಯಿಂದ ಹಗ್ಗ ತೆಗೆದುಕೊಂಡು, “ದೇವರ ಮನಿ ಒಂದು ಬಿಟ್ಟು ಎಲ್ಲ್ಯಾದರೂ ಇರಲಿ. ಅಡಗಿ ಮನಿ ಬಾಗಲದಾಗ ಬೆಚ್ಚಗಿರತದ, ಅಲ್ಲಿ ಮಲಗಲಿ,” ಎಂದಳು. ನಮ್ಮ ಓಣಿಯ ಕೆಲವರು ಅಂದಿನಿಂದ ನಮ್ಮ ಮನೆಯ ನೀರು ಮುಟ್ಟುವುದಿಲ್ಲ. ಅವರ ಪಾಲಿನ ನೀರನ್ನು ವೃಕ ಕುಡಿಯುತ್ತಿದೆ.

ಈಗಿನ ಸ್ಥಿತಿಯನ್ನು ತಮ್ಮ ಪುಸ್ತಿಕೆಯ ಕ್ರಮದಲ್ಲೇ ನಿವೇದಿಸುತ್ತೇನೆ. ಹಣೆ ಸರಿಯಾಗಿದೆ, ಆದರೆ ಎಡಕ್ಕೆ ಒಂದು ಕಣಿವೆ ಬಿದ್ದಿದೆ. ಬಲಗಣ್ಣು ಬಾದಾಮಿಯ ಆಕಾರದ್ದೇ, ಎಡಗಣ್ಣು ಇಲ್ಲ. ತುಟಿ ಬಿಗಿಯಾಗಿರಬೇಕಲ್ಲ, ಒಂದು ಬದಿಗೆ ಸೀಳಿದ್ದು ಸರಿಯಾಗಿ ಕೂಡದೆ, ನೀರು ಕುಡಿಯುವಾಗ ಅರ್ಧ ಹೊರಗೇ ಹೋಗುತ್ತದೆ. ಕತ್ತರಿಯಂತೆ ಕೂಡುತ್ತಿದ್ದ ಹಲ್ಲುಗಳಲ್ಲಿ ಮೇಲಿನವು ಕೆಲವು ಹೋಗಿವೆ. ಕಿವಿ ಮಾತ್ರ, ಮಾನ್ಯರೇ, ಇಂದಿಗೂ ನೆಟ್ಟಗೇ ನಿಂತಿದೆ. ತಮ್ಮ ಸಲಹೆ ಅಷ್ಟು ಗಟ್ಟಿಯಾದದ್ದು.

ಇಷ್ಟರ ಮೇಲೆ ನನ್ನ ಬೇಡಿಕೆಗಳು ಸಣ್ಣವು. ತಮ್ಮ ಪುಸ್ತಿಕೆಯನ್ನು ಮುಂದಿನ ಸಲ ಅಚ್ಚು ಹಾಕಿಸುವಾಗ ಒಂದು ಪ್ರತಿಯನ್ನು ಚಿಂಚೋಳಿಯ ಅಡವಿಯಲ್ಲಿ ವಾಸಿಸುವ ತೋಳಗಳಿಗೂ ಕಳಿಸಿ, ಇನ್ನು ಮುಂದೆ ನಾಯಿಗಳೆಲ್ಲ ಅವುಗಳ ಹಾಗೆ ಇರಬೇಕಾಗಿರುವುದರಿಂದ ಅವು ತಮ್ಮ ಎಡಗಿವಿಯನ್ನು ಅರ್ಧಕ್ಕೆ ಮಡಿಚಿಕೊಂಡು ತಿರುಗಬೇಕೆಂದು ಅಪ್ಪಣೆ ಮಾಡಬೇಕು. ಅವು ಒಪ್ಪದಿದ್ದರೆ ಸೇಡಂದಿಂದ ಶಹಾಬಾದಿನವರೆಗಿನ ಕುರುಬರ ಕೊಡಲಿಗಳಿಗೆಲ್ಲ ತಮ್ಮ ಹಾಗೆ ಬಗ್ಗಿ ನೋಡಿ, ದವಡೆ ತೆರೆದು, ಸಾವಕಾಶವಾಗಿ ಬೀಳುವ ಶಿಕ್ಷಣ ಕೊಡಿಸಬೇಕು. ಅದೂ ಕಷ್ಟವಾದರೆ, ಆರನೆಯ ಪುಟದಲ್ಲಿ ಕಿವಿಯ ಕೆಳಗೆ ಒಂದು ಸಾಲಿನ ಜಾಗವಿದೆ. ಆದರ್ಶ ತಲೆಯ ಹಲ್ಲು ಯಾರ ಕುತ್ತಿಗೆಯಲ್ಲಿದೆ ಎಂಬುದನ್ನೂ ನೋಡತಕ್ಕದ್ದು ಎಂದು ಅಲ್ಲಿ ಸೇರಿಸಬೇಕು.

ಸಾಯಬಣ್ಣನ ಬಗ್ಗೆ ತಾವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವನು ದಿನಾ ಸಂಜೆ ಕುರಿ ಹಟ್ಟಿಗೆ ಹೊಡೆದ ಮೇಲೆ ನಮ್ಮ ಮನೆಗೆ ಬಂದು, ಬಾಗಿಲ ಹತ್ತಿರ ಸ್ವಲ್ಪ ಹೊತ್ತು ಕುಳಿತು ಹೋಗುತ್ತಾನೆ. ಬರುವಾಗ ರೊಟ್ಟಿಯ ತುಂಡನ್ನು ಹಾಲಿನಲ್ಲಿ ನೆನೆಸಿ ತರುತ್ತಾನೆ, ಅಗಿಯುವುದು ಕಷ್ಟವೆಂದು. ಅವನು ಬಂದು ಕುಳಿತೊಡನೆ ವೃಕ ಎದ್ದು ಒಳಗೆ ಹೋಗುತ್ತಿತ್ತು. ಅವನು ಹೋದ ಮೇಲೆಯೇ ಬಂದು ತಿನ್ನುತ್ತಿತ್ತು. ಲೀಲಾಬಾಯಿ ಒಮ್ಮೆ, “ಬ್ಯಾಸರ ಮಾಡ್ಕೋಬ್ಯಾಡಪ್ಪಾ ಸಾಯಬಣ್ಣ,” ಎಂದಾಗ ಅವನು, “ಅದರ ಬ್ಯಾಸರ ಮುಗೀಲಿ ತಾಯಿ, ಆಮ್ಯಾಲ ನಂದು,” ಎಂದ. ನಿನ್ನೆ ಅವನು ಬಂದು ಕುಳಿತಾಗ ವೃಕ ತಲೆ ಎತ್ತಿ, ತನಗುಳಿದ ಒಂದು ಕಣ್ಣಿನಿಂದ ಅವನನ್ನು ನೋಡಿತು. ಅವನ ಹತ್ತಿರ ಹೋಗಲಿಲ್ಲ. ಆದರೆ ಎದ್ದು ಒಳಗೂ ಹೋಗಲಿಲ್ಲ.

ಮುಂದಿನ ಪ್ರದರ್ಶನಕ್ಕೆ ನಾವು ಬರುವುದಿಲ್ಲ. ಆದರ್ಶ ತಲೆಯನ್ನು ನೋಡುವ ಅಪೇಕ್ಷೆ ತಮಗೆ ಇನ್ನೂ ಇದ್ದರೆ ಚಿತ್ತಾಪುರಕ್ಕೆ ದಯಮಾಡಿಸಬೇಕು. ಅಡಿಗೆ ಮನೆಯ ಬಾಗಿಲವರೆಗೆ ಬರಲು ಲೀಲಾಬಾಯಿಯ ಅಪ್ಪಣೆ ಪಡೆದಿಡುತ್ತೇನೆ. ನಾಯಿಗೆ ಸಿಕ್ಕದ್ದು ಪರೀಕ್ಷಕರಿಗೆ ಸಿಗದೆ ಹೋಗಲಿಕ್ಕಿಲ್ಲ.

ಹೀಗೆ, ಎಲ್ಲದರ ನಂತರವೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಕಷ್ಟಪಡುತ್ತಿರುವ,

ವಾಸುದೇವರಾವ
ಅರ್ಜಿ ಬರೆಯುವವ, ಬೇವಿನ ಮರದ ಕೆಳಗೆ, ಚಿತ್ತಾಪುರ

ತಾ.ಕ.: ತಾವು ನಿಜವಾಗಿ ಬರುವುದಾದರೆ ಗುಂಡಗುರ್ತಿ ದಾರಿಯಿಂದ, ಅದರಲ್ಲೂ ಹೊತ್ತು ಮುಳುಗುವಾಗ, ಬರಬಾರದೆಂದು ಕಳಕಳಿಯಿಂದ ಕೋರುತ್ತೇನೆ. ಇನ್ನು ಮುಂದೆ ಯಾರನ್ನೂ ಮುಖ ನೋಡಿ ತೀರ್ಮಾನಿಸುವುದಿಲ್ಲವೆಂದು ಸಾಯಬಣ್ಣ ಆಣೆ ಮಾಡಿದ್ದಾನೆ, ಅದು ನಿಜ. ಆದರೆ ತಮ್ಮ ಮುಖ ಉದ್ದವಾಗಿದೆ, ಹಣೆ ಮೆಟ್ಟಿಲಿಲ್ಲದೆ ಮೂಗಿಗೆ ಇಳಿದಿದೆ, ತುಟಿ ಬಿಗಿ, ಕಿವಿ ಎರಡೂ ನೆಟ್ಟಗೆ. ಬರಲೇಬೇಕೆಂದಿದ್ದರೆ ದೂರದಿಂದಲೇ ತಮ್ಮ ಹೆಸರನ್ನೂ ಹುದ್ದೆಯನ್ನೂ ಗಟ್ಟಿಯಾಗಿ ಕೂಗುತ್ತ ಬರಬೇಕು, ಮತ್ತು ದಾರಿಯಲ್ಲಿ ಯಾವ ಕುರಿಯನ್ನೂ ಬಗ್ಗಿ ನೋಡಬಾರದು.